ಕಾಡಿಗೆ ಬೀಗ

ಬರಗಾಲದಲ್ಲಿ ಸತ್ತು ಕಡಿಮೆಯಾಗಿದ್ದ ಆಫ್ರಿಕಾದ ಕಾಡೆಮ್ಮೆಗಳು ಮತ್ತೆ ಮಂದೆಮಂದೆಯಾಗಿ ಹೆಚ್ಚಿದ್ದು ಹೇಗೆಂದು ನೋಡಿಬರಲು ಸರಕಾರಿ ಖರ್ಚಿನಲ್ಲಿ ಹೋಗಿದ್ದ ಸಾಹೇಬರು, ಬಂದವರೇ ರೇಂಜರನ್ನು ಕರೆಸಿದರು.

“ಏನ್ ಸಾರ್ ಅಲ್ಲಿಯವರ ಗುಟ್ಟು?”

“ಎಂಥ ಗುಟ್ಟೂ ಇಲ್ಲ ಕಣಯ್ಯ. ಮಳೆ ಬಂತು, ಹುಲ್ಲು ಚಿಗುರ್ತು. ಕಾಡೊಳಕ್ಕೆ ಒಂದು ನರಪಿಳ್ಳೆನೂ ಬಿಡ್ಲಿಲ್ಲ, ಅಷ್ಟೇ.”

“ಅಷ್ಟೇನಾ? ಅದನ್ನ ನಾವೂ ಮಾಡ್ಬಹುದು ಸಾರ್! ನಮ್ಮ ಕಾಡೆಮ್ಮೆಗಳೂ ಉಳ್ಕೊಳ್ತವೆ.”

“ಮಾಡೋಣ. ಸೋಮವಾರದಿಂದ್ಲೇ.”

ರೇಂಜರಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಮೇಲಿನವರ ಬಾಯಿಂದ ಕಾಡಿಗೆ ಒಳ್ಳೆಯದಾಗುವ ಮಾತು ಕೇಳಿದ್ದು ಇದೇ ಮೊದಲು.

“ಗೇಟಿಗೆ ಈಗ್ಲೇ ಬೀಗ ಹಾಕಿಸ್ಲಾ ಸಾರ್?”

“ತಡಿಯಯ್ಯ, ಬೀಗ ಹಾಕೋದು ಮಂತ್ರಿಗಳು. ಕಾಡೆಮ್ಮೆ ನೀರು ಕುಡಿಯೋ ಕೆರೆ ದಡದಲ್ಲೇ ಶಾಮಿಯಾನ ಹಾಕ್ಸು, ಐದು ಸಾವಿರ ಜನಕ್ಕೆ ಊಟ.”