ಮುಂದಿನ ಮೂರು ತಿಂಗಳ ಅಳತೆ

"ಇವರೂ ಬಸುರಿ ಅಂದ್ಮೇಲೆ, ನನ್ನ ಹೊಟ್ಟೇಲಿರೋದು ಯಾರಿಗೆ?" ಆಸ್ಪತ್ರೆಯ ಕೋಣೆಯಲ್ಲಿ ದರ್ಜಿಯಾಕೆ ತನ್ನಷ್ಟಕ್ಕೇ ಕೇಳಿಬಿಟ್ಟಳು. ಆರು ತಿಂಗಳಿಂದ ಯಾರ ಕೂಸನ್ನು ಹೊತ್ತಿದ್ದಳೋ ಆ ಗಂಡಹೆಂಡಿರನ್ನು ಕಾಣುತ್ತಿದ್ದುದು ಇದೇ ಮೊದಲು; ಹೆಂಡತಿಯ ಹೊಟ್ಟೆಯೂ ಮುಂದೆ ಬಂದಿತ್ತು.

ಗಂಡ ತಲೆ ತಗ್ಗಿಸಿದ. ಹೆಂಡತಿ ಬಾಗಿಲು ಮುಂದೆ ಮಾಡಿ, ಅಂಗಿ ಸರಿಸಿ, ನಡುವಿಗೆ ಕಟ್ಟಿದ್ದ ಹತ್ತಿಯ ದಿಂಬು ತೋರಿಸಿದಳು. "ಅತ್ತೆಗೆ ಗೊತ್ತಾಗಬಾರದು ಅಕ್ಕಾ. ಯಾರಿಗೂ. ನಾಳೆ ಮಗುವಿಗೂ."

ದಿಂಬಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ದರ್ಜಿಯಾಕೆಯ ಬೆರಳು ಅಭ್ಯಾಸಬಲದಿಂದ ಅಲ್ಲಿಗೇ ಹೋಯಿತು. ಅವಳ ಹೊಟ್ಟೆಯೊಳಗೆ ಕೂಸು ಮಗ್ಗುಲು ಬದಲಿಸಿತು.

"ಇದು ಕೂತರೆ ಜಾರುತ್ತೆ, ಎದ್ದರೆ ವಾಲುತ್ತೆ," ಎಂದಳು ಹೆಂಡತಿ. "ನಿಮ್ಮ ಕೈ ಹೊಲಿಗೆ ಚೆನ್ನಾಗಿದೆಯಂತೆ. ಮುಂದಿನ ಮೂರು ತಿಂಗಳ ದಿಂಬುಗಳನ್ನ ನಿಮ್ಮ ಹೊಟ್ಟೆ ಅಳತೆಗೇ ಹೊಲಿದುಕೊಡಿ."

ದರ್ಜಿಯಾಕೆ ಬೆರಳು ಹಿಂದಕ್ಕೆಳೆದುಕೊಂಡಳು. "ಹೆತ್ತು ಕೊಡ್ತೀನಮ್ಮ, ಮಾತು ಕೊಟ್ಟಾಗಿದೆ. ಇದನ್ನ ಮಾತ್ರ ಹೊಲಿಯಲ್ಲ."