ಎರಡು ಜೊತೆ ಬುಷ್

ತೀರಿಹೋದ ತಮ್ಮನ ಹೆಂಡತಿ ಗ್ಯಾರೇಜಿನ ಬಾಗಿಲಲ್ಲೇ ನಿಂತು ಕರವಸ್ತ್ರದ ಗಂಟು ಬಿಚ್ಚಿದಳು. ಒಳಗೆ ಲೇತಿನಲ್ಲಿ ಕಡೆಸಿದ, ಕೊಳವೆ ತುಂಡಿನಂಥ ನಾಲ್ಕು ಕಬ್ಬಿಣದ ಬುಷ್‌ಗಳು. ಎರಡೆರಡನ್ನು ಸೇರಿಸಿ ದಾರ ಕಟ್ಟಿತ್ತು.

“ಒಂದು ಜೊತೆ ನಿಮ್ಮ ಲೆಕ್ಕದ್ದಂತೆ ಭಾವ, ಇನ್ನೊಂದು ಅವರದ್ದಂತೆ. ಅಣ್ಣ ಮಾತಾಡ್ಸಿದ ದಿನ ತಗೊಂಡು ಹೋಗ್ತೀನಿ, ಅವನು ಯಾವುದು ಅಂತಾನೋ ಅದನ್ನೇ ಹಾಕ್ತೀನಿ ಅಂದಿದ್ರು.”

ಅಣ್ಣ ಮಾತಾಡಿಸಲೇ ಇಲ್ಲವಲ್ಲ!

ಇಬ್ಬರೂ ಸೇರಿ ಕೈಯಾರೆ ಕಟ್ಟುತ್ತಿದ್ದ ಬೈಕು ಮುಂದಿನ ಚಕ್ರವಿಲ್ಲದೆ ಸ್ಟ್ಯಾಂಡಿನ ಮೇಲಿತ್ತು. ಚಕ್ರ ಬೇರೊಂದು ಗಾಡಿಯದು. ಫೋರ್ಕಿನ ಎರಡು ಕಾಲುಗಳ ನಡುವೆ ಅದನ್ನು ಕೂರಿಸಲು ಆಚೆಗೊಂದು ಈಚೆಗೊಂದು ಬುಷ್ ಬೇಕಿತ್ತು. ಎರಡೂ ಸಮ ಇರಲಿ ಎಂದಿದ್ದ ಅಣ್ಣ. “ಬುಷ್ ಸಮ ಇದ್ದು ಏನು ಮಾಡೋಣ? ಚಕ್ರ ನಡುವೆ ಬರಬೇಕಲ್ಲ ಅಣ್ಣಾ. ಬ್ರೇಕಿನ ಕಡೆ ಚಕ್ರದ ನಡು ದಪ್ಪ, ಅಲ್ಲಿ ನಾಲ್ಕು ಎಂಎಂ ಕಮ್ಮಿ ಮಾಡಿ, ಆ ನಾಲ್ಕನ್ನ ಇನ್ನೊಂದು ಕಡೆ ಸೇರಿಸೋಣ” ಎಂದಿದ್ದ ತಮ್ಮ. ಅಷ್ಟಕ್ಕೇ ಅಣ್ಣನಿಗೆ ಪಿತ್ತ ನೆತ್ತಿಗೇರಿತ್ತು. “ಸ್ಪ್ಯಾನರ್ ಹಿಡಿಯೋದು ಕಲಿಸಿದ್ದು ನಾನು. ನನಗೇ ಪಾಠ ಹೇಳ್ತೀಯೇನೋ?” ಅವತ್ತಿನಿಂದ ಮಾತು ಬಂದ್. ಹತ್ತೊಂಬತ್ತನೇ ದಿನ ತಮ್ಮ ಎದೆ ಹಿಡಿದುಕೊಂಡು ಕುಸಿದ. ಅಣ್ಣ ಆಸ್ಪತ್ರೆಗೆ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇಷ್ಟಾದರೂ ಅಣ್ಣನ ಕೈ ಮೊದಲು ಹೋದದ್ದು ತನ್ನ ಲೆಕ್ಕದ ಜೊತೆಗೇ. ಹಾಳು ಹಟ, ಅಷ್ಟು ಬೇಗ ಬಿಟ್ಟೀತೇ? ಆಕ್ಸಲ್ ತೂರಿಸಿ ನಟ್ ಬಿಗಿದ. ರಿಮ್ಮಿಗೂ ಫೋರ್ಕಿಗೂ ನಡುವೆ ಎಡಗಡೆ ಬೆರಳು ಸರಾಗವಾಗಿ ಆಡಿತು, ಬಲಗಡೆ ತೂರಲೇ ಇಲ್ಲ.

ನಟ್ ಬಿಚ್ಚಿ, ತಮ್ಮನ ಜೊತೆ ಹಾಕಿದ. ಸ್ಕೇಲ್ ಹಿಡಿದ. ಎರಡೂ ಕಡೆ ಒಂದೇ ಅಳತೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸುಮ್ಮನೆ ಬೆರಳು ತಾಕಿಸಿದ್ದಕ್ಕೇ ಚಕ್ರ ಸದ್ದಿಲ್ಲದೆ ತಿರುಗತೊಡಗಿತು. ಅಣ್ಣ ಗ್ರೀಸಿನ ನೆಲದ ಮೇಲೆ ಹಾಗೇ ಕುಕ್ಕರಿಸಿದ.

“ಯಾವುದು ಸರಿಹೋಯ್ತು ಭಾವ?”

“ಅವನದು.” ಅಣ್ಣ ನೆಲಕ್ಕೆ ಮುಖ ಮಾಡಿ ಗೊಣಗಿದ. “ಅವನದೇ ಸರಿ ಕಣಮ್ಮ.”

ಅವಳು ತಿರುಗುತ್ತಿದ್ದ ಚಕ್ರವನ್ನೇ ನೋಡುತ್ತ ನಿಂತಿದ್ದಳು.

“ಇನ್ನೂ ಸ್ವಲ್ಪ ಜೋರಾಗಿ ಹೇಳಿ ಭಾವ” ಎಂದಳು.