ನೀಲವ್ವನ ಹಸಿವು

ಫೋಟೋ ನೋಡಿದವರಿಗೆ ಅದರಲ್ಲಿರುವವರ ಒಡಲ ಸಂಕಟ ತಮ್ಮ ಒಡಲಿಗೂ ತಟ್ಟುತ್ತಿದ್ದ ಕಾಲ ಅದು. ಹುಬ್ಬಳ್ಳಿಯ ಬೀದಿಗಳಲ್ಲಿ ಫೋಟೋ ತೆಗೆಯುತ್ತಿದ್ದ ಶಾಹಿದಾ, ಮಾರುಕಟ್ಟೆಯಲ್ಲಿ ಉದುರಿದ ಈರುಳ್ಳಿ ಆಯುತ್ತಿದ್ದ ನೀಲವ್ವನನ್ನು ಸೆರೆಹಿಡಿದಿದ್ದಳು. ನೀಲವ್ವ ಹಿಂದಿನ ದಿನದಿಂದ ಉಂಡಿರಲಿಲ್ಲ. "ತಗೀ ಯವ್ವಾ, ಉಂಡಾವ್ರಿಗೂ ಒಮ್ಮೆ ಗೊತ್ತಾಗ್ಲಿ" ಎಂದು ತಾನೇ ಮುಖವೆತ್ತಿ ನಿಂತಿದ್ದಳು.

ಶಾಹಿದಾಳ ಫೋಟೋಗಳ ಪ್ರದರ್ಶನದಲ್ಲಿ ಜನ ಆ ಫೋಟೋದ ಮುಂದೆಯೇ ಮುಗಿಬಿದ್ದರು. ಶಾಹಿದಾ ಹಿಗ್ಗಿದಳು. ಆಮೇಲೆ ಅವರ ಕೈಯಲ್ಲಿದ್ದ ಊಟದ ತಟ್ಟೆಗಳನ್ನು ಕಂಡಳು.

"ಊಟಕ್ಕ ಮೊದ್ಲ ಇಲ್ಲಿ ನಿಂತ್ರ ಹೊಟ್ಟಿ ಹೆಂಗ ಚುರುಗುಡ್ತೈತ್ರೀ ಮೇಡಂ! ಜಾಮೂನಿನ ರುಚೀನ ಬ್ಯಾರೆ" ಎಂದರು ಪ್ರದರ್ಶನ ಏರ್ಪಡಿಸಿದ್ದ ಅಂಗಡಿಶೆಟ್ಟರು, ಬೆರಳಿನ ಪಾಕ ನೆಕ್ಕುತ್ತ. "ಇನ್ನೂ ಇಂಥಾ ಹಸದಾವ್ರು ಇದ್ರ ತಗೀರಿ."

ಶಾಹಿದಾಳಿಗೆ ಓಕರಿಕೆ ಬಂತು. ನೀಲವ್ವನ ಫೋಟೋ ಕಳಚಿ ಚೀಲಕ್ಕೆ ಹಾಕಿಕೊಂಡಳು. ಕ್ಯಾಮೆರಾವನ್ನು ತನ್ನ ಮುಖಕ್ಕೇ ತಿರುಗಿಸಿ ಕ್ಲಿಕ್ಕಿಸಿ, ಅಲ್ಲೇ ಪ್ರಿಂಟ್ ತೆಗೆದು ಗೋಡೆಗೆ ತೂಗುಹಾಕಿದಳು.

ಹೊಸ ರುಚಿಯ ಆಸೆಗೆ ಎಲ್ಲರೂ ಹತ್ತಿರ ಬಂದು ಕಣ್ಣರಳಿಸಿದರು. ಬಾಯಲ್ಲಿದ್ದ ತುತ್ತು ನುಂಗಲಾಗದೆ, ಒಬ್ಬರ ಮುಖ ಒಬ್ಬರು ನೋಡಲೂ ಹೇಸಿ, ತಟ್ಟೆಗಳನ್ನು ನೆಲಕ್ಕಿಟ್ಟು ಹೊರಗೆ ನಡೆದರು.